ಮಾವನ ಬಿಂಗೋ ಮೆಷಿನ್

ಕಳೆದ ಶನಿವಾರ ಎನ್ಸ್‌ಕೆಡೆಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಯಾರೋ ಹಳೆಯ ರೇಡಿಯೋ ಹಚ್ಚಿ ನೋಡುತ್ತಿದ್ದರು. ಒಳಗಿನ ಬಲ್ಬು ಬಿಸಿಯಾಗಿ, ವರ್ಷಗಟ್ಟಲೆ ಕೂತಿದ್ದ ಧೂಳು ಸುಡುವ ವಾಸನೆ ಎದ್ದಿತು. ಬಿಸಿ ಧೂಳು, ವಾರ್ನಿಷ್, ಸ್ವಲ್ಪ ಎಣ್ಣೆ... ಕೊಳ್ಳಲು ಹೋಗಿದ್ದ ಕುರ್ಚಿಯನ್ನು ಮರೆತು ನಿಂತುಬಿಟ್ಟೆ. ಅದು ಆಮರ್ಸ್‌ಫೋರ್ಟಿನ ಮಾವನ ಗರಾಜಿನ ವಾಸನೆ.

ಮಾವ ಎಂದರೆ ಅಮ್ಮನಿಗೆ ದೂರದ ಅಣ್ಣ. ಉಡುಪಿ ಕಡೆಯವರು, ಎಲೆಕ್ಟ್ರಿಕಲ್ ಎಂಜಿನಿಯರ್. ನಾನು ಓದಲು ಬಂದ ಕಾಲಕ್ಕೆ ಡಚ್ಚರ ಈ ದೇಶದಲ್ಲಿ ನೆಂಟರ ಮನೆ ಅಂತ ಇದ್ದದ್ದು ಅದೊಂದೇ. ವಾರಾಂತ್ಯಕ್ಕೆ ರೈಲು ಹತ್ತಿ ಹೋದರೆ ಅತ್ತೆ ನೀರುದೋಸೆ ಮಾಡುತ್ತಿದ್ದರು. ಅವರ ಒಬ್ಬಳೇ ಮಗಳು ನನಗಿಂತ ಸ್ವಲ್ಪ ದೊಡ್ಡವಳು. ತುಳುವಿನಲ್ಲಿ ಕೇಳಿದರೆ ತಂದೆಗೆ ಡಚ್ಚಿನಲ್ಲಿ ಉತ್ತರ ಕೊಡುವಳು, ನನ್ನ ಜೊತೆ ಮಾತ್ರ ಅರ್ಧ ಇಂಗ್ಲಿಷು ಬೆರೆತ ಕನ್ನಡ.

ಬೆಲ್ಜಿಯಂ ಗಡಿಯ ಹತ್ತಿರ ಮುಚ್ಚಿಹೋದ ಒಂದು ಕೆಫೆಯಿಂದ ಮಾವ ಆ ಬಿಂಗೋ ಮೆಷಿನ್ ತಂದಿದ್ದರು. ಅದನ್ನು ಪೂರ್ತಿ ಬಿಚ್ಚಿ, ಒಂದೊಂದೇ ತಂತಿ ಬದಲಿಸಿ, ಮತ್ತೆ ಜೀವ ಬರಿಸಲು ಅವರಿಗೆ ವರ್ಷಗಳೇ ಹಿಡಿದಿದ್ದವು. ನೋಡಲು ಪಿನ್‌ಬಾಲ್‌ನ ಹಾಗೆಯೇ. ನಾನು ಮೊದಲ ಸಲ ಎರಡೂ ಬದಿಯಲ್ಲಿ ಕೈಯಾಡಿಸಿ ಗೋಲಿ ಹೊಡೆಯುವ ಗುಂಡಿ ಹುಡುಕಿದಾಗ ಮಾವ ನಕ್ಕರು.

"ಇದಕ್ಕೆ ಬ್ಯಾಟ್ ಇಲ್ಲ ಮಾರಾಯ್ತಿ. ಗೋಲಿ ಬಿಡುವುದು ಮಾತ್ರ ನಿನ್ನ ಕೈಯಲ್ಲಿ ಉಂಟು. ಆಮೇಲೆ ಬೇಡಿಕೊಳ್ಳುವುದು."

ಇಳಿಜಾರಿನ ಹಲಗೆಯ ತುಂಬ ಸಂಖ್ಯೆ ಬರೆದ ತೂತುಗಳು. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗೋಲಿ ಮೇಲೇರಿ, ರಬ್ಬರು ಸುತ್ತಿದ ಗೂಟಗಳಿಗೆ ತಾಗುತ್ತ ಇಳಿದು ಯಾವುದಾದರೊಂದು ತೂತಿಗೆ ಬೀಳುತ್ತಿತ್ತು. ಎದುರಿಗೆ ನಿಂತ ಬಣ್ಣದ ಗಾಜಿನ ಮೇಲೆ ಅದೇ ಸಂಖ್ಯೆಯ ದೀಪ ಹತ್ತುತ್ತಿತ್ತು. ಐದು ಗೋಲಿಗಳಲ್ಲಿ ಮೂರು ದೀಪ ಒಂದೇ ಸಾಲಿನಲ್ಲಿ ಬಂದರೆ ಗೆಲುವು. ಗೋಲಿ ಉರುಳುವಾಗ ಅಂಗೈಯಿಂದ ಪೆಟ್ಟಿಗೆಯನ್ನು ಮೆಲ್ಲಗೆ ತಳ್ಳಬಹುದು. ಜೋರಾಗಿ ತಳ್ಳಿದಿರೋ, 'ಟಿಲ್ಟ್' ಎಂದು ಬೆಳಗಿ ಆಟವೇ ಸತ್ತುಹೋಗುತ್ತಿತ್ತು. ಒಳಗೆ ಕಂಪ್ಯೂಟರ್ ಎಂಬುದು ಇಲ್ಲವೇ ಇಲ್ಲ. ಬರೀ ಮೋಟಾರು, ರಿಲೇಗಳು, ತಿರುಗುವ ತಟ್ಟೆಗಳು, ಅವುಗಳ ಕಟಕಟ ಸದ್ದು.

ಶಿಕಾಗೋದಲ್ಲಿ ಹುಟ್ಟಿದ ಆಟವಂತೆ. ಗೆದ್ದವರಿಗೆ ಕೆಫೆಯವರು ಕೌಂಟರಿನಲ್ಲೇ ದುಡ್ಡು ಕೊಡತೊಡಗಿದ್ದರಿಂದ ಅಲ್ಲಿಯ ಕಾನೂನು ಬೆನ್ನು ಹತ್ತಿತು, ಮೆಷಿನ್‌ಗಳು ಹಡಗು ಹತ್ತಿ ಬೆಲ್ಜಿಯಂಗೆ ಬಂದವು ಎಂದು ಮಾವ ಹೇಳುತ್ತಿದ್ದರು. ಅವರು ಅದರ ನಾಣ್ಯದ ತೂತನ್ನು ಮುಚ್ಚಿ ಒಂದು ಗುಂಡಿ ಜೋಡಿಸಿದ್ದರು. ಒತ್ತಿದರೆ ಆಟ ಶುರು. ಅದರಲ್ಲಿ ದುಡ್ಡು ಹಾಕಲು ಬಯಸಿದರೂ ಹಾಕುವಂತಿರಲಿಲ್ಲ.

ಮಾವನ ಮಗಳಿಗೆ ಆಗ ವೂರ್‌ಬರ್ಗಿನ ಒಬ್ಬ ಹುಡುಗ ಇಷ್ಟವಾಗಿದ್ದ. ಮಂಗಳೂರಿನ ಕುಟುಂಬ, ಇಲ್ಲಿಯ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರಿಗೆ ಹತ್ತಿರದವರು. ಹುಡುಗನ ತಂದೆ ತಾಯಿ ಮಾತಿಗೆಂದು ಬಂದ ದಿನ ಊಟವಾದ ಮೇಲೆ ಮಾವ ಉತ್ಸಾಹದಿಂದ ಅವರನ್ನು ಗರಾಜಿಗೆ ಕರೆದರು. ಹುಡುಗನ ತಾಯಿಯೇ ಸ್ಪ್ರಿಂಗ್ ಎಳೆದರು. ಮೂರು ದೀಪ ಸಾಲಾಗಿ ಹತ್ತಿದಾಗ ಚಪ್ಪಾಳೆ ತಟ್ಟಿದರು. ನಾನು ಅಲ್ಲೇ ಇದ್ದೆ.

ಕೆಲವು ದಿನಗಳ ಮೇಲೆ ಆ ಹಿರಿಯರು ಮಾವನಿಗೆ ಫೋನ್ ಮಾಡಿದರು. "ಅವರಿಗೆ ಸ್ವಲ್ಪ ಬೇಜಾರಾಗಿದೆ. ಜೂಜಿನ ಮೆಷಿನ್ ಇಟ್ಟುಕೊಂಡ ಮನೆ ಅಂತ. ಅದರಲ್ಲಿ ತಪ್ಪಿಲ್ಲ ಅಲ್ವಾ, ಹೆಣ್ಣು ತರುವವರು ನಾಲ್ಕು ಕಡೆ ಯೋಚನೆ ಮಾಡ್ತಾರೆ." ಅಷ್ಟರಲ್ಲಿ ಬಳಗದಲ್ಲೆಲ್ಲ ಮಾತು ಹರಡಿತ್ತು. ಮಾವ ಬೆಲ್ಜಿಯಂಗೆ ಹೋಗುವುದೇ ಆಡಲಿಕ್ಕೆ ಎಂದೂ ಯಾರೋ ಸೇರಿಸಿದ್ದರು. ಹುಡುಗ ಬಾಯಿ ಬಿಡಲಿಲ್ಲ.

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿದಳು. ಆ ದಿನ ಮಾತ್ರ ಅವಳು ಡಚ್ ಬಿಟ್ಟು ತುಳುವಿನಲ್ಲೇ ಕೂಗಿದಳು. ಆ ಮೆಷಿನ್ ಇರಬೇಕು, ಇಲ್ಲ ನಾನಿರಬೇಕು ಎಂದಳು. ಅತ್ತೆ ಅವಳನ್ನು ಸುಮ್ಮನಾಗಿಸಲಿಲ್ಲ. ಮಾವ ಊಟದಿಂದ ಎದ್ದು ಕೈ ತೊಳೆದುಕೊಂಡು ಹೋದರು.

ಮುಂದಿನ ಶನಿವಾರ ಅವರೊಂದಿಗೆ ಊರಿನ ಕಸದ ಕೇಂದ್ರಕ್ಕೆ ಹೋದವಳು ನಾನೇ. ಬಿಚ್ಚಿದ ಮೆಷಿನ್ನಿನ ಮರ ಒಂದು ಕಡೆ, ಕಬ್ಬಿಣ ಒಂದು ಕಡೆ, ತಂತಿ ಇನ್ನೊಂದು ಕಡೆ. ಕಂಬಳಿಯಲ್ಲಿ ಸುತ್ತಿದ್ದ ಬಣ್ಣದ ಗಾಜನ್ನು ಬಿಚ್ಚಿದಾಗ ಅಲ್ಲಿಯ ಕೆಲಸಗಾರ ಹತ್ತಿರ ಬಂದು ತಲೆಯಾಡಿಸಿದ. "ವಾಟ್ ಝೊಂಡೆ, ಮೆನೇರ್."

ಮಾವ ನನ್ನ ಕಡೆ ತಿರುಗಿದರು. "ಝೊಂಡೆ ಅಂದ್ರೆ ಎಂತ ಗೊತ್ತುಂಟಾ? ಅಯ್ಯೋ ಪಾಪ ಅಂತಲೂ ಹೌದು, ಮಾಡಬಾರದ ಪಾಪ ಅಂತಲೂ ಹೌದು. ನಮ್ಮ ಹಾಗೆಯೇ."

ಗಾಜನ್ನು ಅವರೇ ತೊಟ್ಟಿಗೆ ಬಿಟ್ಟರು. ಆ ಸದ್ದು...

ಆದರೂ ಆ ಸಂಬಂಧ ಕೂಡಿಬರಲಿಲ್ಲ. ಹುಡುಗನ ಮನೆಯವರು ಅಷ್ಟು ಹೊತ್ತಿಗಾಗಲೇ ಬೇರೆ ಕಡೆ ಮಾತು ಮುಗಿಸಿದ್ದರು. ಮಾವನ ಮನೆಗೆ ಬರುವ ಮೊದಲೇ ಅಲ್ಲಿ ಒಪ್ಪಿಗೆ ಕೊಟ್ಟಾಗಿತ್ತು, ಹೇಳಲು ಒಂದು ನೆಪ ಬೇಕಿತ್ತು ಅಷ್ಟೆ ಎಂದು ಹಿರಿಯರ ಹೆಂಡತಿ ಬಹಳ ದಿನದ ನಂತರ ಚಹಾ ಕುಡಿಯುತ್ತ, ಹವಾಮಾನದ ಬಗ್ಗೆ ಹೇಳುವ ಹಾಗೆ ನನಗೆ ಹೇಳಿದರು.

ಆ ವರ್ಷದ ದೀಪಾವಳಿ ಕೂಟದಲ್ಲಿ ಊಟಕ್ಕೆ ಮೊದಲು ತಂಬೋಲಾ ಇತ್ತು. ಎಲ್ಲರೂ ದುಡ್ಡು ಕೊಟ್ಟು ಚೀಟಿ ತೆಗೆದುಕೊಂಡರು. ಮೈಕ್ ಹಿಡಿದು ಸಂಖ್ಯೆ ಕೂಗಿದವರು ಅದೇ ಹಿರಿಯರು. ಮಾವನ ಚೀಟಿಯ ಮೇಲಿನ ಸಾಲು ಎಲ್ಲರಿಗಿಂತ ಮೊದಲು ತುಂಬಿದ್ದನ್ನು ಪಕ್ಕದಲ್ಲಿದ್ದ ನಾನು ನೋಡಿದೆ.

"ಮಾವ, ಆಯ್ತಲ್ಲ! ಹೇಳಿ!"

ಅವರು ಚೀಟಿ ಮಡಚಿ ಜೇಬಿಗೆ ಹಾಕಿದರು. "ಬೇಡ ಮಗಾ. ಜೂಜುಗಾರನಿಗೆ ಬಹುಮಾನ ಕೊಟ್ಟರು ಅಂತ ಅವರಿಗೆ ಕೆಟ್ಟ ಹೆಸರು ಬರ್ತದೆ."

ಬೇರೆ ಯಾರೋ ಕೈ ಎತ್ತಿದರು. ಸಭೆ ಚಪ್ಪಾಳೆ ತಟ್ಟಿತು.

ಆಮೇಲೆ ಗರಾಜಿನಲ್ಲಿ ಸೈಕಲ್‌ಗಳು ನಿಂತವು. ಮಗಳು ಗ್ರೋನಿಂಗನ್‌ಗೆ ಹೋದಳು, ಅಲ್ಲಿಯವನನ್ನೇ ಮದುವೆಯಾದಳು. ಬಂದಾಗ ತಂದೆಯೊಂದಿಗೆ ರೈಲು ತಡವಾದ ವಿಷಯ, ಗಾಳಿಯ ವಿಷಯ ಮಾತಾಡಿ ಹೋಗುತ್ತಿದ್ದಳು. ಮಾವ ಮತ್ತೆ ಯಾವ ಮೆಷಿನನ್ನೂ ಮುಟ್ಟಲಿಲ್ಲ. ಅತ್ತೆಯ ಮಿಕ್ಸಿ ಕೆಟ್ಟರೂ ಹೊಸದು ತನ್ನಿ ಎನ್ನುತ್ತಿದ್ದರು.

ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ಅಂತ್ಯಕ್ರಿಯೆಯ ಹಾಲ್‌ನಲ್ಲಿ ಮೊದಲು ಎದ್ದು ನಿಂತು ಮಾತಾಡಿದವರೂ ಅದೇ ಹಿರಿಯರು. "ಅವರ ಕೈಯಲ್ಲಿ ಜಾದೂ ಇತ್ತು. ಸತ್ತ ಮೆಷಿನ್‌ಗೂ ಜೀವ ಬರಿಸುತ್ತಿದ್ದರು" ಎಂದು ಕಣ್ಣೊರೆಸಿಕೊಂಡರು. ನಾನು ಎದ್ದು ಹೊರಗೆ ಹೋದೆ.

ಮೊನ್ನೆ ಮಾವನ ಮಗಳಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿದ ಮೇಲೆ ಅವಳಾಗಿಯೇ ಕೇಳಿದಳು: "ನಾನು ಕೋಪದಲ್ಲಿ ಹೇಳಿದ್ದು ಕಣೇ. ಟೂ ಡೇಸ್ ಆದ್ಮೇಲೆ ನಾನೇ ಸರಿ ಹೋಗ್ತಿದ್ದೆ. ಪಪ್ಪಾ ಯಾಕೆ ನಿಜವಾಗ್ಲೂ ತಗೊಂಡ್ಹೋಗಿ ಬಿಸಾಡಿದ್ರು?"

"ನೀನು ಕೇಳಿದೆ ಅಂತ," ಎಂದೆ.

ಮಗುವನ್ನು ಶಾಲೆಯಿಂದ ಕರೆತರುವ ಹೊತ್ತಾಯಿತು ಎಂದು ಅವಳು ಫೋನಿಟ್ಟಳು.