ಖಾಲಿ ಬಿಟ್ಟ ಕಿರುಬೆರಳು

ಗೆಳೆಯರೇ, ಊರು, ಹೆಸರು ಕೇಳಬೇಡಿ. ಶ್ರೀನಿವಾಸಪುರದ ಕಡೆ ಒಂದು ಶಾಲೆ, ನಾನಲ್ಲಿ ಟೀಚರು, ಅಷ್ಟು ಸಾಕು.

ಯಾರಾದರೂ ಮುಟ್ಟಬಾರದಂತೆ ಮುಟ್ಟಿದರೆ ಹೋಗಿ ಹೇಳಿಕೊಳ್ಳಲು ನಿಮ್ಮ ನಂಬಿಕೆಯ ಐದು ಜನ ಯಾರು ಎಂದು ನಿನ್ನೆ ಮೂರನೇ ತರಗತಿಯಲ್ಲಿ ಕೇಳಿದ್ದೆ. ನೋಟ್‌ಬುಕ್ಕಿನ ಮೇಲೆ ಕೈಯಿಟ್ಟು ಸುತ್ತ ಗೆರೆ ಎಳೆದು, ಬೆರಳಿಗೊಂದು ಹೆಸರು ಬರೆದು ತರಬೇಕಿತ್ತು.

ಇವತ್ತು ಬೆಳಿಗ್ಗೆ ಮಾವಿನ ತೋಪಿನ ಕೆಲಸಕ್ಕೆ ಹೊರಟಿದ್ದ ತಾಯಿಯೊಬ್ಬರು ಮಗಳ ನೋಟ್‌ಬುಕ್ ಹಿಡಿದು ಸಿಟ್ಟಿನಿಂದ ಬಂದರು.

"ನಾಲ್ಕೇ ಹೆಸ್ರು ಬರ್ದವ್ಳೆ ಮೇಡಂ, ಕಿರುಬೆರಳು ಖಾಲಿ. ನಮ್ ತಮ್ಮ ನೋಡಿ, 'ನಾನಿಲ್ವಾ?' ಅಂತ ಬೇಜಾರು ಮಾಡ್ಕೊಂಡ. ಮೂರ್ ಸಲ 'ಮಾವ' ಅಂತ ಬರ್ಸಿದೆ, ಮೂರ್ ಸಲಾನೂ ಅಳಿಸವ್ಳೆ. ಏನ್ ಹಠ ಅಂತೀನಿ!"

ರಬ್ಬರ್ ಉಜ್ಜಿ ಉಜ್ಜಿ ಕಿರುಬೆರಳಿನ ಜಾಗದಲ್ಲಿ ಹಾಳೆ ತೂತಾಗಿತ್ತು. ನಾನು ಆ ತೂತನ್ನು ತೋರಿಸಿ, ಈ ಹೆಸರುಗಳನ್ನು ಯಾತಕ್ಕೆ ಬರೆಸಿದ್ದೆ ಎಂದು ಹೇಳಿದೆ. ಆಕೆ ತೂತಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ತಮ್ಮನಿಗೆ ಫೋನ್ ಮಾಡಿ, "ಇನ್ಮೇಲೆ ಮನೆ ಕಡೆ ಬರ್ಬೇಡ ಕಣೋ" ಎಂದರು. ಮಕ್ಕಳ ಸಹಾಯವಾಣಿಗೆ ಇಬ್ಬರೂ ಸೇರಿ ತಿಳಿಸಿದೆವು.

ಎಂಟು ವರ್ಷದ ಮಗು ಸರಿಯಾದ ಉತ್ತರವನ್ನು ಮೂರು ಸಲ ಕೊಟ್ಟಿತ್ತು. ತಪ್ಪೆಂದು ತಿದ್ದಿದವರು ದೊಡ್ಡವರು.