ಕವರ್ ನಾಗಪ್ಪ ಗಾಡಿಗೆ ರಾಡು ಹಾಕಿದ್ದು

ಕೊಪ್ಪದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬರೀ ನಾಗಪ್ಪ ಎಂದು ಕೇಳಿದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಕವರ್ ನಾಗಪ್ಪ ಎನ್ನಬೇಕು. ಆಗ ನಾಲ್ಕು ಜನ ಒಟ್ಟಿಗೆ ಕೈ ತೋರಿಸಿ, ನಗು ತಡೆದುಕೊಂಡು, "ಅಗೋ, ಆ ಬಿಳಿ ಗಾಡಿ" ಎನ್ನುತ್ತಿದ್ದರು. ಹತ್ತಿದ ಒಬ್ಬೊಬ್ಬರ ಕೈಗೂ ಒಂದೊಂದು ಪ್ಲಾಸ್ಟಿಕ್ ಕವರ್ ಕೊಡದೆ ನಾಗಪ್ಪ ಗಾಡಿ ಸ್ಟಾರ್ಟ್ ಮಾಡುತ್ತಿರಲಿಲ್ಲ. ಕೊಡದಿದ್ದರೆ ಏನಾಗುತ್ತದೆ ಎಂಬುದು ಸೀಟಿನ ಬಟ್ಟೆ ಒಗೆದು ಒಗೆದು ಅವನಿಗೆ ಚೆನ್ನಾಗಿ ಗೊತ್ತಾಗಿತ್ತು.

ಹಾಗೆಂದು ಅವನ ಕೈ ಕೆಟ್ಟದ್ದಲ್ಲ. ಹದಿನಾರನೇ ವಯಸ್ಸಿಗೆ ಬಸ್ಸಿನ ಕ್ಲೀನರ್ ಆಗಿ ಸೇರಿ, ನರಸಿಂಹರಾಜಪುರದ ರೂಟಿನಲ್ಲಿ ಹನ್ನೆರಡು ವರ್ಷ ಬಸ್ಸು ಓಡಿಸಿ, ಆಮೇಲೆ ಈ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವನು. ಇಷ್ಟು ವರ್ಷದಲ್ಲಿ ಒಂದು ಕೋಳಿಯನ್ನೂ ಚಕ್ರದಡಿಗೆ ಹಾಕಿದವನಲ್ಲ. ಕೆಟ್ಟದ್ದು ಗಾಡಿಯ ಗುಣ. ಎತ್ತರದ ಮೈ, ಸವೆದು ಮೆತ್ತಗಾದ ಸ್ಪ್ರಿಂಗು. ತಿರುವು ಬಂದರೆ ಸಾಕು, ಒಮ್ಮೆ ಈ ಬದಿಗೆ ವಾಲಿ, ಒಮ್ಮೆ ಆ ಬದಿಗೆ ವಾಲಿ, ಹರಿಹರಪುರ ದಾಟುವ ಹೊತ್ತಿಗೆ ಹಿಂದಿನ ಸೀಟಿನವರ ಮಾತು ನಿಂತಿರುತ್ತಿತ್ತು. ಇನ್ನು ಆ ಸೀಮೆಯಲ್ಲಿ ತಿರುವಿಲ್ಲದ ರಸ್ತೆ ಹುಡುಕುವುದಾದರೂ ಎಲ್ಲಿ?

ಸ್ಟ್ಯಾಂಡಿನವರು ಆಡಿಕೊಂಡರೆ ನಾಗಪ್ಪ ಜೊತೆಗೆ ತಾನೂ ನಗುತ್ತಿದ್ದ. ನಗಲಾಗದ ಸಂಗತಿ ಒಂದೇ. ಅವನ ತಾಯಿ ಶೇಷಮ್ಮ ಮಗನ ಗಾಡಿ ಹತ್ತುತ್ತಿರಲಿಲ್ಲ. ಆರು ವರ್ಷದ ಹಿಂದೆ ಒಮ್ಮೆ ಹತ್ತಿ, ಕೆರೆಕಟ್ಟೆಯಲ್ಲಿರುವ ತಂಗಿ ಯಲ್ಲಕ್ಕನ ಮನೆಗೆ ಹೋಗಿ, ಇಳಿದವರೇ ಎರಡು ದಿನ ಚಾಪೆ ಬಿಟ್ಟು ಏಳಲಿಲ್ಲ. ಅದೇ ಕೊನೆ. ಮಂಡಿನೋವಿನ ಯಲ್ಲಕ್ಕ ಬರುವಂತಿಲ್ಲ, ವಾಂತಿಯ ಶೇಷಮ್ಮ ಹೋಗುವಂತಿಲ್ಲ. ಅಕ್ಕ ತಂಗಿಯರ ಸುಖದುಃಖವೆಲ್ಲ ಫೋನಿನಲ್ಲೇ ಮುಗಿಯುತ್ತಿತ್ತು. ಊರವರನ್ನೆಲ್ಲ ಊರು ಮುಟ್ಟಿಸುವ ತನಗೆ ಹೆತ್ತವಳನ್ನು ಅವಳ ತಂಗಿಯ ಮನೆಗೆ ಮುಟ್ಟಿಸಲಾಗುವುದಿಲ್ಲ ಎಂಬುದು ನಾಗಪ್ಪನನ್ನು ಒಳಗೊಳಗೇ ಕೊರೆಯುತ್ತಿತ್ತು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಯಲ್ಲಕ್ಕ ಹೊಸ ಮನೆ ಕಟ್ಟಿಸಿ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಕರೆದಳು. "ಅಕ್ಕ ಬರ್ದೆ ನಾನು ಹಾಲು ಉಕ್ಕಿಸಲ್ಲ" ಎಂದು ಫೋನಿನಲ್ಲೇ ಅತ್ತಳು. ಶೇಷಮ್ಮ ರಿಸೀವರ್ ಇಟ್ಟು, ದನಕ್ಕೆ ಹುಲ್ಲು ಹಾಕಲು ಹೋದರು. ಹಾಕುವ ಹೊತ್ತಲ್ಲ ಅದು.

ಅದೇ ವಾರ ನಾಗಪ್ಪ ಶೃಂಗೇರಿಗೆ ಜನರನ್ನು ಬಿಟ್ಟು ಪಾರ್ಕಿಂಗಿನಲ್ಲಿ ಕೂತಿದ್ದಾಗ ಕೊಯಮತ್ತೂರಿನ ಒಂದು ಗಾಡಿ ಬಂದು ಪಕ್ಕದಲ್ಲಿ ನಿಂತಿತು. ಅವನದ್ದೇ ತರಹದ ಗಾಡಿ. ಇಳಿದ ಮಕ್ಕಳು ತುಂಗೆಯ ಕಡೆ ಓಟ ಕಿತ್ತವು, ಮುದುಕರೊಬ್ಬರು ಇಳಿದವರೇ ಕಾಫಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಘಾಟಿ ಹತ್ತಿ ಬಂದವರು ಕಾಫಿ ಕೇಳುವುದೇ? ನಾಗಪ್ಪ ತಡೆಯಲಾರದೆ ಡ್ರೈವರನ್ನು ವಿಚಾರಿಸಿದ. ಅವನು ಹರಕು ಕನ್ನಡದಲ್ಲಿ, "ಕೆಳಗೆ ನೋಡು" ಎಂದ. ನಾಗಪ್ಪ ಬಿಳಿ ಪಂಚೆಯಲ್ಲೇ ನೆಲಕ್ಕೆ ಮಲಗಿ ನೋಡಿದ. ಹಿಂದಿನ ಎರಡು ಚಕ್ರ ಜೋಡಿಸುವ ಆಕ್ಸಲ್ಲಿನ ಉದ್ದಕ್ಕೆ, ಎರಡೂ ತುದಿ ಬಾಗಿದ, ಹೆಬ್ಬೆರಳಿಗಿಂತ ದಪ್ಪನೆಯ ಒಂದು ಕಬ್ಬಿಣದ ರಾಡು. ಗಾಡಿ ಒಂದು ಬದಿಗೆ ವಾಲಹೊರಟರೆ ಆ ರಾಡು ತಿರುಚಿಕೊಂಡು, ಬಿಡೆನೆಂದು ಎಳೆದು ಹಿಡಿಯುತ್ತದೆ. ಅಷ್ಟೇ ಅದರ ಕೆಲಸ. ಅವರೂರಿನಲ್ಲಿ ಮಾಡಿ ಮಾರುತ್ತಾರಂತೆ. ನಾಗಪ್ಪ ಫೋನ್ ನಂಬರನ್ನು ಅಂಗೈಯಲ್ಲೇ ಬರೆದುಕೊಂಡು ಬಂದ.

ಐದನೇ ದಿನ ಗೋಣಿ ಸುತ್ತಿದ ಪಾರ್ಸೆಲ್ ಬಸ್ಸಿನಲ್ಲಿ ಕೊಪ್ಪಕ್ಕೆ ಬಂತು. ಒಕ್ಕಲಿಗೆ ಇನ್ನು ನಾಲ್ಕೇ ದಿನ. ಗ್ಯಾರೇಜಿನ ಶಿವಶಂಕರಪ್ಪ ರಾಡನ್ನು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟರು.

"ಗಾಡಿ ಮಾಡಿದ ಇಂಜಿನಿಯರಿಗಿಂತ ನಿಂಗೆ ಜಾಸ್ತಿ ಗೊತ್ತುಂಟಾ ಮಾರಾಯ? ನಾಳೆ ಎಂತಾದ್ರೂ ಆದ್ರೆ ನನ್ನ ತಲೆಗೆ ಬರ್ತದೆ. ನಾನು ಕೈ ಹಾಕಲ್ಲ."

"ನೀವು ಹಾಕ್ಬೇಡಿ. ನಾನೇ ಹಾಕ್ತೇನೆ" ಎಂದ ನಾಗಪ್ಪ. ಹೇಳಿದ ಮೇಲೆ ಅವನಿಗೇ ಹೆದರಿಕೆಯಾಯಿತು.

ಬಾಳಗಡಿಯ ಹಾರ್ಡ್‌ವೇರ್ ಅಂಗಡಿಯ ಅಬ್ದುಲ್ ವಹಾಬ್ ಅವನ ಶಾಲೆಯ ಕಾಲದ ಗೆಳೆಯ. ಸ್ಪ್ಯಾನರ್ ಕೇಳಲು ಹೋದರೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ ತಾನೇ ಸ್ಪ್ಯಾನರ್ ಹಿಡಿದುಕೊಂಡು ಬಂದ. ಗಾಡಿಯಡಿಗೆ ಇಳಿಯಲು ಗುಂಡಿ ಇಲ್ಲ, ಗಾಡಿ ಎತ್ತಲು ಲಿಫ್ಟ್ ಇಲ್ಲ ಎಂಬ ಚಿಂತೆ ಇಬ್ಬರಿಗೂ ಇರಲಿಲ್ಲ. ನಾಗಪ್ಪನ ಮನೆಯ ಮುಂದೆ ಅಗಳು ಇತ್ತು. ತೋಟಕ್ಕೆ ದನ ನುಗ್ಗದಂತೆ ಅಜ್ಜನ ಕಾಲದಲ್ಲಿ ತೋಡಿದ ಆಳದ ಕಾಲುವೆ ಅದು. ಗಾಡಿ ದಾಟಲೆಂದು ನಾಗಪ್ಪ ಎಡಬಲದ ಚಕ್ರಕ್ಕೊಂದರಂತೆ ಎರಡು ಕಲ್ಲು ಚಪ್ಪಡಿ ಹಾಕಿದ್ದ. ಮಳೆಗಾಲದಲ್ಲಿ ಸೊಂಟದವರೆಗೆ ನೀರು, ಬೇಸಿಗೆಯಲ್ಲಿ ಒಣ ತರಗೆಲೆ. ಹಿಂದಿನ ಚಕ್ರಗಳನ್ನು ಚಪ್ಪಡಿಯ ಮೇಲೆ ನಿಲ್ಲಿಸಿ ಕೆಳಗೆ ಇಳಿದರೆ ಯಾವ ಗ್ಯಾರೇಜಿಗೂ ಕಡಿಮೆಯಿಲ್ಲ.

ರಾಡಿನ ಜೊತೆ ಒಂದು ಚಿತ್ರದ ಹಾಳೆ ಬಂದಿತ್ತು. ವಹಾಬ್ ಚಿತ್ರ ನೋಡಿ ರಾಡನ್ನು ಜಗಲಿಯ ಮೇಲೆ ಸರಿಯಾಗಿ ಇಟ್ಟು, "ಗಾಡಿಯಲ್ಲೂ ಹೀಗೇ ಕೂರ್ಬೇಕು" ಎಂದ. ಅಷ್ಟರಲ್ಲಿ ಶೇಷಮ್ಮ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಬಂದರು.

"ಹೊಸ ಕಬ್ಬಿಣಕ್ಕೆ ಪೂಜೆ ಇಲ್ದೆ ಗಾಡಿಗೆ ಹಾಕ್ತೀರಾ?"

ರಾಡಿನ ನಡುಮಧ್ಯಕ್ಕೆ ಒಂದು ದೊಡ್ಡ ಕುಂಕುಮದ ಬೊಟ್ಟು ಬಿತ್ತು. ವಹಾಬ್ ತಲೆಗೆ ಟವೆಲ್ ಸುತ್ತಿಕೊಂಡು ಕೈಕಟ್ಟಿ ನಿಂತಿದ್ದ. ಪೂಜೆಯ ಮೇಲೆ ಇಬ್ಬರೂ ಅಗಳಿಗೆ ಇಳಿದರು. ರಾಡನ್ನು ಕೈಗೆ ತೆಗೆದುಕೊಂಡಾಗ ಗುರುತಿಗೆ ಕುಂಕುಮ ಇದ್ದೇ ಇತ್ತು. ಜಗಲಿಯಲ್ಲಿ ಕುಂಕುಮ ತಮ್ಮತ್ತ ನೋಡುತ್ತಿತ್ತು, ಇಲ್ಲೂ ತಮ್ಮತ್ತ ನೋಡಬೇಕು, ಅಲ್ಲವೇ? ಬೆವರು ಕಣ್ಣಿಗೆ ಇಳಿಯುತ್ತ, ತುಕ್ಕಿನ ಪುಡಿ ಬಾಯಿಗೆ ಬೀಳುತ್ತ, ಮಧ್ಯಾಹ್ನದ ಊಟ ಮರೆತು ಎಲ್ಲ ನಟ್ಟುಗಳನ್ನೂ ಬಿಗಿ ಮಾಡಿದರು.

ಸಂಜೆ ಗಾಡಿ ತೆಗೆದರೆ ರಸ್ತೆಯ ಪ್ರತಿ ಹಂಪ್‌ಗೂ ಹಿಂದಿನಿಂದ ಟಕ್ ಎಂಬ ಸದ್ದು. ಹಂಪ್ ಇಲ್ಲದ ಕಡೆಯೂ ಟಕ್. ಕೊಪ್ಪದ ಸ್ಟ್ಯಾಂಡಿಗೆ ಬರುವ ಮೊದಲೇ ಸದ್ದು ಬಂದು ಮುಟ್ಟಿತ್ತು.

"ನಾಗಪ್ಪ, ಇನ್ಮೇಲೆ ಕವರ್ ಜೊತೆ ಹತ್ತಿನೂ ಕೊಡು ಮಾರಾಯ, ಕಿವಿಗೆ ಇಟ್ಕೊಳ್ಳೋಕೆ!" ಎಂದು ಸ್ಟ್ಯಾಂಡಿನವನೊಬ್ಬ ಕೂಗಿದ.

ಆ ದಿನ ನಾಗಪ್ಪನಿಗೆ ಜೊತೆಗೂಡಿ ನಗಲು ಆಗಲಿಲ್ಲ. ಮನೆಗೆ ಬಂದರೆ ಶೇಷಮ್ಮ, "ಬಿಡು ಮಗಾ, ಯಲ್ಲಕ್ಕನಿಗೆ ಬರಲ್ಲ ಅಂತ ಹೇಳ್ತೇನೆ. ನಿನ್ನ ತಪ್ಪಲ್ಲ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತು ತಡೆಯಲಾಗಲಿಲ್ಲ. "ನಾಳೆ ಒಂದು ದಿನ ತಡಿ ಅಮ್ಮ" ಎಂದಷ್ಟೇ ಹೇಳಿ ಎದ್ದು ಹೋದ.

ಬೆಳಿಗ್ಗೆ ವಹಾಬ್ ಮತ್ತೆ ಬಂದ. ಇಬ್ಬರೂ ಅಗಳಿನಲ್ಲಿ ಕತ್ತು ಎತ್ತಿ ನೋಡಿಯೇ ನೋಡಿದರು. ಆಕ್ಸಲ್ಲಿನ ನಡುವಿನ ಗುಂಡನೆಯ ಉಬ್ಬಿಗೆ ರಾಡು ಬಡಿಯುತ್ತಿತ್ತು. ಆದರೆ ಯಾಕೆ? ನಟ್ಟು ಸರಿ, ರಾಡು ಕೂರುವ ರಬ್ಬರ್ ಬುಷ್ ಸರಿ. ಶೇಷಮ್ಮ ಅಗಳಿನ ದಂಡೆಯಲ್ಲಿ ಸೌತೆಕಾಯಿ ಹೆಚ್ಚುತ್ತ ಕೂತಿದ್ದವರು ಮೇಲಿನಿಂದಲೇ ಕೇಳಿದರು.

"ವಹಾಬು, ನಾನಿಟ್ಟ ಕುಂಕುಮ ಉಂಟೇನೋ, ಅಳಿಸಿ ಹೋಯ್ತಾ?"

"ಇದೆ ಅಮ್ಮ, ನನ್ನ ಮೂಗಿನ ಎದುರಿಗೇ ಇದೆ."

"ನೀನು ಕೆಳಗಿದ್ದೀಯಲ್ಲ?"

"ಹೌದಮ್ಮ."

"ನಾನಿಟ್ಟಿದ್ದು ಮೇಲಿನ ಮೈಗೆ. ಅದು ನಿನ್ನ ಮೂಗಿಗೆ ಹ್ಯಾಂಗೆ ಕಾಣ್ತದೆ?"

ವಹಾಬ್ ಬೆರಳಿನಿಂದ ಕುಂಕುಮ ಮುಟ್ಟಿ ನೋಡಿದ. ಆಮೇಲೆ ಹಣೆ ಚಚ್ಚಿಕೊಂಡ. ನಾಗಪ್ಪ ತರಗೆಲೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ರಾಡನ್ನು ತಲೆಕೆಳಗಾಗಿ ಹಾಕಿದ್ದರು! ಬಿಚ್ಚಿ ಮಗುಚಿ ಹಾಕಿ, ಗಾಡಿಯ ಭಾರ ಚಕ್ರದ ಮೇಲೆ ಇರುವಾಗಲೇ ನಟ್ಟು ಬಿಗಿದರು. ಈಗ ಕುಂಕುಮ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಬಾಳಗಡಿಯ ಕಾಲೇಜಿನ ಹತ್ತಿರದ ತಿರುವಿನಲ್ಲಿ ನಾಗಪ್ಪ ಬೇಕೆಂದೇ ಸ್ವಲ್ಪ ಜೋರಾಗಿ ತಿರುಗಿಸಿದ. ಸದ್ದಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ವಹಾಬ್ ಹಿಡಿಕೆ ಹಿಡಿಯುವುದನ್ನೇ ಮರೆತು ಕಡಲೆಕಾಯಿ ಬಿಡಿಸುತ್ತಿದ್ದ.

ಒಕ್ಕಲಿನ ಹಿಂದಿನ ದಿನ ಶೇಷಮ್ಮ ಗಾಡಿ ಹತ್ತಿದರು. ಒಂದು ಕೈಯಲ್ಲಿ ಮೂಸಲು ನಿಂಬೆಹಣ್ಣು, ಇನ್ನೊಂದರಲ್ಲಿ ಕವರ್. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ. ಬಾಯಿಗೆ ಸೆರಗು ಒತ್ತಿ, ಕಣ್ಣು ಮುಚ್ಚಿ ಕೂತರು. ನಾಗಪ್ಪ ಹತ್ತು ವರ್ಷದಲ್ಲಿ ಯಾವ ದೊಡ್ಡ ಮನುಷ್ಯರಿಗೂ ಹಾಗೆ ಹೆದರಿ ಗಾಡಿ ಬಿಟ್ಟಿರಲಿಲ್ಲ.

ಹರಿಹರಪುರ ಬಂತು. ಹಿಂದಿನಿಂದ ಮಾತಿಲ್ಲ. ಇನ್ನೆರಡು ತಿರುವು ಕಳೆದ ಮೇಲೆ ಸೆರಗು ಸರಿದ ಸದ್ದು ಕೇಳಿತು.

"ಆ ಬಸ್ಸಿನವನು ಎಂತ ಹಾಂಗೆ ಮೈಮೇಲೆ ಬರ್ತಾನೆ? ಹಾರ್ನ್ ಮಾಡೋ ಅವನಿಗೆ."

ನಾಗಪ್ಪ ಹಾರ್ನ್ ಮಾಡಿದ. ಅಷ್ಟು ಸಂತೋಷದಿಂದ ಅವನು ಎಂದೂ ಹಾರ್ನ್ ಮಾಡಿರಲಿಲ್ಲ. ಶೃಂಗೇರಿ ದಾಟುವಾಗ ಶೇಷಮ್ಮ ಕಿಟಕಿಗೆ ಮುಖ ಕೊಟ್ಟು ಯಾರ ಅಂಗಡಿ ಎಲ್ಲಿಗೆ ಬಂದಿದೆ ಎಂದು ವಿಚಾರಿಸುತ್ತಿದ್ದರು. ಕೆರೆಕಟ್ಟೆಯ ಕಾಡಿನ ತಿರುವುಗಳು ಒಂದರ ಬೆನ್ನಿಗೊಂದು ಬಂದವು. ಒಂದೊಂದರಲ್ಲೂ ಗಾಡಿ ವಾಲಹೊರಟು, ಕೂಡಲೇ ಮನಸ್ಸು ಬದಲಿಸಿ ನೆಟ್ಟಗಾಯಿತು. ತಾಯಿಯ ಮಾತು ಮಾತ್ರ ತುಂಡಾಗಲಿಲ್ಲ.

ಯಲ್ಲಕ್ಕ ಹೊಸ ಮನೆಯ ಬಾಗಿಲಲ್ಲಿ ನೀರಿನ ಚೆಂಬು ಹಿಡಿದು ನಿಂತಿದ್ದಳು. ಒಳಗೆ ಚಾಪೆ, ದಿಂಬು, ಪಕ್ಕದಲ್ಲೊಂದು ಬಕೆಟ್, ಎಲ್ಲ ಸಿದ್ಧ.

"ಬಾ ಅಕ್ಕ, ಮೊದ್ಲು ಮಲ್ಕೋ."

"ಮಲ್ಕೊಳ್ಳೋಕೆ ನಂಗೆಂತ ಬಾಣಂತನವಾ?" ಶೇಷಮ್ಮ ಹೊಸಿಲ ಬಳಿ ತಂಗಿಯ ಎರಡೂ ಕೈ ಹಿಡಿದುಕೊಂಡರು. ಇಬ್ಬರೂ ಸ್ವಲ್ಪ ಅತ್ತರು. ಆಮೇಲೆ ಶೇಷಮ್ಮ ಮೂಗು ಒರೆಸಿಕೊಂಡು, ಒಮ್ಮೆಯೂ ಮೂಸದ ನಿಂಬೆಹಣ್ಣನ್ನು ತಂಗಿಯ ಕೈಗೆ ಹಾಕಿದರು.

"ತಗೋ, ಚಿತ್ರಾನ್ನ ಕಲಸು. ಹೊಟ್ಟೆ ಹಸಿದು ಸಾಯ್ತಾ ಉಂಟು."

ಅಂಗಳದಲ್ಲಿ ನಿಂತಿದ್ದ ನಾಗಪ್ಪ ಗಾಡಿಯ ಚಕ್ರ ನೋಡುವ ನೆಪದಲ್ಲಿ ಬಗ್ಗಿ ಕಣ್ಣೊರೆಸಿಕೊಂಡ. ಮರುದಿನ ಹಾಲು ಉಕ್ಕಿತು.

ಹೊರಡುವಾಗ ಯಲ್ಲಕ್ಕ ಹಲಸಿನ ಹಪ್ಪಳದ ಕಟ್ಟು ತಂದು, ಹಾಕಿಕೊಳ್ಳಲು ಏನಾದರೂ ಇದೆಯೇ ಎಂದು ಕೇಳಿದಳು. ಶೇಷಮ್ಮ ಸೊಂಟದಲ್ಲಿ ಮಡಿಚಿ ಸಿಕ್ಕಿಸಿದ್ದ ಮಗನ ಕವರನ್ನು ತೆಗೆದು, ಕೊಡವಿ, ಬಾಯಿ ಅಗಲಿಸಿ ಹಿಡಿದರು.

"ಇದ್ರಲ್ಲಿ ಹಾಕು. ಹೊಸದೇ. ನನ್ನ ಮಗನ ಗಾಡಿಯಲ್ಲಿ ಇದಕ್ಕೆ ಬೇರೆ ಕೆಲಸ ಇಲ್ಲ."