ಒಡ್ಡಿಗೇರಿದ ಟಿಟವಿ ಮೊಟ್ಟೆ

ಮಳೆ ಕೆಡಿಸಿದವಳು ಎಂಬ ಹೆಸರು ನನಗೆ ಹನ್ನೊಂದನೇ ವಯಸ್ಸಿಗೇ ಬಂತು. ಬರಲಿ! ಎಪ್ಪತ್ತರ ದಶಕದ ಬರಗಾಲದ ಬೇಸಿಗೆ ಅದು. ಅಕ್ಕಲಕೋಟೆ ಕಡೆಯ ನಮ್ಮೂರಿನಲ್ಲಿ ಬೋರಿ ಹೊಳೆ ಒಣಗಿ ಬರೀ ಉಸುಕಾಗಿತ್ತು. ಉಸುಕು ತೋಡಿ, ಒಸರುವ ಒರತೆಯ ನೀರನ್ನು ಚರಿಗೆಯಲ್ಲಿ ಗೋರಿ ಕೊಡ ತುಂಬುತ್ತಿದ್ದೆವು.

ಆ ಒರತೆಯ ಪಕ್ಕದಲ್ಲೇ ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತ್ತು. ನಮ್ಮವರು ಅದನ್ನು ಟಿಟವಿ ಅನ್ನುತ್ತಾರೆ. ಅದು ದಿಬ್ಬದ ಮೇಲೆ ಮೊಟ್ಟೆಯಿಟ್ಟರೆ ಮಳೆ ಜೋರು, ತಗ್ಗಿನಲ್ಲಿಟ್ಟರೆ ಇಲ್ಲ ಎಂದು ನಂಬುತ್ತಾರೆ. ಹೊಳೆಯ ನಡುವೆಯೇ ಮೊಟ್ಟೆ ಕಂಡು ನನ್ನ ಕಾಕಾನ ಎದೆ ಧಸಕ್ಕೆಂದಿತು. ಏನು ಮಾಡಿದ ಗೊತ್ತೇ ಪುಣ್ಯಾತ್ಮ? ನಾಲ್ಕನ್ನೂ ರುಮಾಲಿನಲ್ಲಿ ಕಟ್ಟಿಕೊಂಡು ಹೋಗಿ ನಮ್ಮ ಹೊಲದ ಒಡ್ಡಿನ ಮೇಲಿಟ್ಟ!

"ಈಗ ಮಳಿ ಹ್ಯಾಂಗ ಬರೂದಿಲ್ಲ ನೋಡೂಣು," ಅಂದ.

ಹಕ್ಕಿ ಖಾಲಿ ತಗ್ಗಿನ ಸುತ್ತ ಚೀರುತ್ತ ತಿರುಗುತ್ತಿತ್ತು. ಅದು ದಿನಾ ಒರತೆಯಲ್ಲಿ ಎದೆ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುವುದನ್ನು ನೋಡಿದ್ದೆ. ಆ ಬಿಸಿಲಿಗೆ ಮೊಟ್ಟೆ ಬೇಯಬಾರದಲ್ಲ! ಹಕ್ಕಿ ಮುಂದಿನ ಮಳೆಯ ಸುದ್ದಿ ಹೇಳಲು ಹೊಳೆಗೆ ಇಳಿದಿರಲಿಲ್ಲ. ಉಳಿದಷ್ಟು ನೀರಿನ ಬೆನ್ನು ಹತ್ತಿ ಇಳಿದಿತ್ತು. ಒಡ್ಡಿನ ಮೇಲೆ ನೀರೆಲ್ಲಿತ್ತು?

ಕೊಡ ಅಲ್ಲೇ ಬಿಟ್ಟು ಓಡಿದೆ. ಮೊಟ್ಟೆಗಳನ್ನು ಉಟ್ಟಿದ್ದ ಪರಕರದ ಉಡಿಯಲ್ಲಿ ಹಾಕಿಕೊಂಡು ತಂದು ಅದೇ ತಗ್ಗಿನಲ್ಲಿಟ್ಟು ದೂರ ನಿಂತೆ. ಹಕ್ಕಿ ಬಂತು, ಎದೆ ತೋಯಿಸಿಕೊಂಡಿತು, ಕೂತಿತು.

ಕಾಕಾ ಕೆಂಡವಾದ. "ಮಳಿ ಬರ್ಲಿಲ್ಲಂದ್ರ ನೀನ ಜವಾಬ್ದಾರ, ತಿಳೀತೇನ?"

"ಹೂಂ, ನಾನ! ಮತ್ತ ಮುಟ್ಟಿದ್ರ ನಿನಗ ಕುಡ್ಯಾಕ ನೀರ ತರೂದಿಲ್ಲ, ಕಾಕಾ."

ಆ ಸಲ ಮುಂಗಾರು ತಡವಾಗಿ, ಅರ್ಧಂಬರ್ಧ ಬಂತು. ಊರೆಲ್ಲ ನನ್ನತ್ತ ಬೆರಳು ತೋರಿತು. ಈಗಂತೂ ಬಿಸಿಲು ಇನ್ನೂ ಬಲಿತಿದೆ, ಮಳೆಗೆ ಹೊತ್ತುಗೊತ್ತಿಲ್ಲ. ಅದಕ್ಕೂ ನಾನೇ ಕಾರಣವೇನು? ಯಾರು ಬೇಕಾದರೂ ಬಂದು ಕೇಳಲಿ, ಆ ಮೊಟ್ಟೆಗಳನ್ನು ಇಂದೂ ಹೊತ್ತು ತರುತ್ತೇನೆ.

ಆ ವರ್ಷ ಮಳೆಗೆ ಮೊದಲೇ ಮೂರು ಮೊಟ್ಟೆ ಒಡೆದು ಮರಿಯಾಗಿದ್ದವು. ಸುಡುವ ಉಸುಕಿನಲ್ಲಿ ತಾಯಿಯ ಹಿಂದೆ ಅವು ಒರತೆಗೆ ಓಡಿದ ಹೊತ್ತಿಗೆ ಕಾಕಾ ಕೊಡ ಹಿಡಿದು ಬಂದ. ನನ್ನ ಮುಖ ನೋಡಲಿಲ್ಲ. ಮರಿಗಳು ಕುಡಿದು ಹೋಗುವ ತನಕ ಬಿಸಿಲಲ್ಲೇ, ದಂಡೆಯ ಮೇಲೆ ನಿಂತ.